ಯಾವ ಗಂಟಲು ನೋವು?

ಗಂಟಲು ನೋವಿಗೆ ಆಂಟಿಬಯಾಟಿಕ್ ಬೇಡ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಪತ್ರಿಕೆಗಳ ಆರೋಗ್ಯ ಪುರವಣಿ ಬರೆಯುತ್ತದೆ, ಟಿ.ವಿ.ಯಲ್ಲಿ ವೈದ್ಯರು ಹೇಳುತ್ತಾರೆ, ಆಸ್ಪತ್ರೆಯ ಗೋಡೆಯ ಮೇಲೆ ಪೋಸ್ಟರ್ ಅಂಟಿಸಿರುತ್ತಾರೆ. ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಕಾಲದಲ್ಲಿ ಈ ಎಚ್ಚರಿಕೆ ಬೇಕಾದದ್ದೇ. ಆದರೆ ನಮ್ಮ ದೇಶದಲ್ಲಿ ಮಾತನ್ನು ಅಷ್ಟಕ್ಕೇ ನಿಲ್ಲಿಸಿದರೆ ಬಡವರ ಮಕ್ಕಳಿಗೆ ಅನ್ಯಾಯವಾಗುತ್ತದೆ. ಮಕ್ಕಳಿಗೆ ಬರುವ ಹತ್ತು ಗಂಟಲು ನೋವುಗಳಲ್ಲಿ ಏಳೆಂಟಕ್ಕೆ ಆಂಟಿಬಯಾಟಿಕ್ ಬೇಡ, ನಿಜ. ಉಳಿದ ಎರಡು ಮೂರಕ್ಕೆ ಬೇಕು. ಸರಿಯಾದದ್ದೇ ಬೇಕು, ಸರಿಯಾದಷ್ಟು ದಿನ ಬೇಕು. ನಮ್ಮಲ್ಲಿ ನಡೆಯುತ್ತಿರುವುದು ತಿರುಗುಮುರುಗು: ಬೇಡದವರಿಗೆ ಧಾರಾಳವಾಗಿ ಸಿಗುತ್ತಿದೆ, ಬೇಕಾದವರಿಗೆ ತಲುಪುತ್ತಿಲ್ಲ. ಇವೆರಡನ್ನೂ ಬೇರೆ ಬೇರೆ ತಪ್ಪುಗಳೆಂದು ಎಣಿಸಿ, ಒಂದರ ಬಗ್ಗೆ ಒಂದು ಇಲಾಖೆ, ಇನ್ನೊಂದರ ಬಗ್ಗೆ ಇನ್ನೊಂದು ಇಲಾಖೆ ಸುತ್ತೋಲೆ ಹೊರಡಿಸುತ್ತದೆ. ನನಗೆ ಕಾಣುವಂತೆ ಎರಡಕ್ಕೂ ಮೂಲ ಒಂದೇ. ಗಂಟಲೊಳಗೆ ಯಾರೂ ನೋಡುತ್ತಿಲ್ಲ.

ಆ ಎರಡು ಮೂರು ಪಾಲಿಗೆ ಕಾರಣ ಸ್ಟ್ರೆಪ್ಟೋಕಾಕಸ್ ಪಯೋಜಿನಿಸ್ ಎಂಬ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಡಿ ಪೋಣಿಸಿದ ಮಣಿಸರದಂತೆ ಕಾಣುವ ಈ ಕುಲದಲ್ಲಿ ಸಾಧುಗಳೂ ಇದ್ದಾರೆ, ಪುಂಡರೂ ಇದ್ದಾರೆ. 1933ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ ಇವುಗಳ ಹೊರಗೋಡೆಯ ಸಕ್ಕರೆ ಅಂಶವನ್ನು ನೋಡಿ ಎ, ಬಿ, ಸಿ ಎಂದು ಗುಂಪು ಮಾಡಿದರು. ಗಂಟಲಿಗೆ ಬೀಳುವುದು ಮುಖ್ಯವಾಗಿ ‘ಎ’ ಗುಂಪು. ಐದರಿಂದ ಹದಿನೈದು ವರ್ಷದೊಳಗಿನವರೇ ಅದರ ಮುಖ್ಯ ಗುರಿ. ದೊಡ್ಡವರ ಗಂಟಲು ನೋವಿನಲ್ಲಿ ಇದರ ಪಾಲು ನೂರಕ್ಕೆ ಐದರಿಂದ ಹದಿನೈದು ಮಾತ್ರ. ಕೆಮ್ಮು, ನೆಗಡಿಯ ಜೊತೆ ಗಂಟಲು ಕೆರೆತ ಬಂದಿರುವ ನಲವತ್ತರ ಗೃಹಸ್ಥರು ಸ್ಟ್ರೆಪ್ ಎಂದು ಹೆದರಬೇಕಾದದ್ದಿಲ್ಲ.

ಶೀತದ ಗಂಟಲು ನೋವು ಮೆಲ್ಲಗೆ ಏರುತ್ತದೆ. ಮೂಗು ಸೋರುತ್ತದೆ, ದನಿ ಒಡೆಯುತ್ತದೆ, ಕಣ್ಣು ಕೆಂಪಾಗುತ್ತದೆ, ಕೆಮ್ಮು ಬರುತ್ತದೆ. ಸ್ಟ್ರೆಪ್ ಹಾಗಲ್ಲ. ಬೆಳಿಗ್ಗೆ ಆಡಿಕೊಂಡಿದ್ದ ಮಗು ಸಂಜೆಯ ಹೊತ್ತಿಗೆ ಎಂಜಲು ನುಂಗಲೂ ಮುಖ ಹಿಂಡುತ್ತದೆ. ಮೈ ಕಾಯುತ್ತದೆ, ತಲೆ ಸಿಡಿಯುತ್ತದೆ. ಸಣ್ಣ ಮಕ್ಕಳಿಗೆ ಹೊಟ್ಟೆನೋವು, ವಾಂತಿಯೂ ಬಂದು ತಾಯಿ ಅಜೀರ್ಣ ಎಂದುಕೊಳ್ಳುವುದುಂಟು. ಬೆಳಕಿಗೆ ನಿಲ್ಲಿಸಿ, ಬಾಯಿ ಅಗಲ ತೆರೆಸಿ, ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಟಾರ್ಚ್ ಬಿಟ್ಟರೆ ಎರಡೂ ಕಡೆಯ ಟಾನ್ಸಿಲ್ ಊದಿ ಕೆಂಪಾಗಿ, ಅದರ ಮೇಲೆ ಬಿಳಿ ಹಳದಿ ಕೀವಿನ ಚುಕ್ಕೆಗಳು ಕಾಣುತ್ತವೆ. ಅಂಗುಳಿನ ಹಿಂಭಾಗದಲ್ಲಿ, ಕಿರುನಾಲಿಗೆಯ ಸುತ್ತ, ಸೂಜಿಮೊನೆಯಷ್ಟು ಸಣ್ಣ ರಕ್ತದ ಕಲೆಗಳಿರಬಹುದು. ದವಡೆಯ ಮೂಲೆಯ ಕೆಳಗೆ ಬೆರಳಿಟ್ಟರೆ ಗಂಟು ಸಿಗುತ್ತದೆ, ಮುಟ್ಟಿದರೆ ಮಗು ಕೈ ತಳ್ಳುತ್ತದೆ. ಕೆಮ್ಮಿಲ್ಲ, ನೆಗಡಿಯಿಲ್ಲ. ಇಲ್ಲದಿರುವುದೇ ಇಲ್ಲಿ ದೊಡ್ಡ ಸುಳಿವು.

ಇಲ್ಲಿ ಎರಡು ಎಚ್ಚರ ಹೇಳಿಯೇ ಮುಂದೆ ಹೋಗಬೇಕು. ಮಗು ಜೊಲ್ಲು ಸುರಿಸುತ್ತಾ, ಉಸಿರಿಗೆ ಒದ್ದಾಡುತ್ತಾ ಮುಂದಕ್ಕೆ ಬಾಗಿ ಕೂತಿದ್ದರೆ ಚಮಚ, ಟಾರ್ಚ್ ಮುಟ್ಟದೆ ಸೀದಾ ಆಸ್ಪತ್ರೆಗೆ ಒಯ್ಯಬೇಕು. ಟಾನ್ಸಿಲ್ ಮೇಲೆ ಚುಕ್ಕೆಗಳ ಬದಲು ಬೂದು ಬಣ್ಣದ ಪೊರೆ ಹರಡಿಕೊಂಡಿದ್ದರೆ ಅದು ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಅದು ಹಳೆಯ ಕಾಲದ ಕಾಯಿಲೆ ಎಂದು ನಗರದವರು ಭಾವಿಸಿದ್ದಾರೆ. ಉತ್ತರ ಕರ್ನಾಟಕದ ಜಿಲ್ಲೆಗಳು ಈಚಿನವರೆಗೂ ಅದನ್ನು ಕಂಡಿವೆ.

1981ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ ಮತ್ತು ಅವರ ಸಂಗಡಿಗರು ನಾಲ್ಕು ಅಂಶ ಎಣಿಸುವ ಲೆಕ್ಕ ಕೊಟ್ಟರು: ಜ್ವರ, ಟಾನ್ಸಿಲ್ ಮೇಲೆ ಕೀವು, ಕತ್ತಿನ ಮುಂಭಾಗದಲ್ಲಿ ನೋಯುವ ಗಂಟು, ಕೆಮ್ಮಿಲ್ಲದಿರುವುದು. ಬಳಿಕ ಬಂದವರು ವಯಸ್ಸನ್ನೂ ಸೇರಿಸಿದರು. ನಾಲ್ಕೂ ಇಲ್ಲದವರಿಗೆ ಸ್ಟ್ರೆಪ್ ಇರುವ ಸಂಭವ ಬಲು ಕಡಿಮೆ. ಆದರೆ ನಾಲ್ಕೂ ಇದ್ದವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಅದು ಇರುತ್ತದೆ. ಅಂದರೆ ಬರಿಗಣ್ಣು ‘ಇಲ್ಲ’ ಎನ್ನುವುದರಲ್ಲಿ ಜಾಣ, ‘ಹೌದು’ ಎನ್ನುವುದರಲ್ಲಿ ಅಷ್ಟಕ್ಕಷ್ಟೆ. ಖಚಿತಪಡಿಸಿಕೊಳ್ಳಲು ಗಂಟಲ ದ್ರವವನ್ನು ಹತ್ತಿಕಡ್ಡಿಯಿಂದ ಒರೆಸಿ ಪರೀಕ್ಷೆಗೆ ಕಳಿಸಬೇಕು. ಕಲ್ಚರ್ ಮಾಡಿದರೆ ಒಂದೆರಡು ದಿನ ಹಿಡಿಯುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಕಿಟ್‌ನಂಥದೇ ಕ್ಷಿಪ್ರ ಪರೀಕ್ಷೆಯೂ ಇದೆ, ಹತ್ತು ನಿಮಿಷದಲ್ಲಿ ಉತ್ತರ ಕೊಡುತ್ತದೆ. ನಮ್ಮ ತಾಲ್ಲೂಕು ಮಟ್ಟದ ಕ್ಲಿನಿಕ್‌ಗಳಲ್ಲಿ ಎರಡೂ ಅಪರೂಪ. ಪರೀಕ್ಷೆ ಮಾಡಿದರೂ ತೊಡಕಿದೆ. ಶಾಲೆಗೆ ಹೋಗುವ ಕೆಲವು ಮಕ್ಕಳ ಗಂಟಲಲ್ಲಿ ಈ ಬ್ಯಾಕ್ಟೀರಿಯಾ ಏನೂ ಮಾಡದೆ ಸುಮ್ಮನೆ ವಾಸವಾಗಿರುತ್ತದೆ. ಅಂಥ ಮಗುವಿಗೆ ವೈರಸ್‌ನಿಂದ ಗಂಟಲು ನೋವು ಬಂದಾಗ ಪರೀಕ್ಷಿಸಿದರೆ ಫಲಿತಾಂಶ ‘ಪಾಸಿಟಿವ್’.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಇಷ್ಟೆಲ್ಲ ವಿಚಾರಣೆಗೆ ಜಾಗವೆಲ್ಲಿ? ‘ಅಣ್ಣಾ, ಹುಡುಗನಿಗೆ ಗಂಟಲು ನೋವು, ಏನಾದ್ರೂ ಕೊಡಿ’ ಎಂದರೆ, ‘ವಯಸ್ಸೆಷ್ಟು?’ ಎಂಬುದೊಂದೇ ಪ್ರಶ್ನೆ. ಮರುಕ್ಷಣ ಮೂರು ಮಾತ್ರೆಯ ಅಜಿತ್ರೋಮೈಸಿನ್ ಪಟ್ಟಿ ಕೈಗೆ ಬರುತ್ತದೆ. ದಿನಕ್ಕೊಂದು, ಮೂರು ದಿನ, ಮುಗಿಯಿತು. ಭಾರತದ ಖಾಸಗಿ ಮಾರುಕಟ್ಟೆಯಲ್ಲಿ 2019ರಲ್ಲಿ ಮಾರಾಟವಾದ ಆಂಟಿಬಯಾಟಿಕ್‌ಗಳ ಲೆಕ್ಕ ಹಾಕಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಅಜಿತ್ರೋಮೈಸಿನ್ 500 ಮಿಲಿಗ್ರಾಂ ಮಾತ್ರೆ, ಅದರ ಹಿಂದೆ ಸೆಫಿಕ್ಸಿಮ್ 200. ಇವೆರಡೂ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ‘ಕಾವಲಿಟ್ಟು ಬಳಸಬೇಕಾದ’ ಗುಂಪಿಗೆ ಸೇರಿದವು. ಪೆನಿಸಿಲಿನ್, ಅಮಾಕ್ಸಿಸಿಲಿನ್‌ಗಳು ಮೊದಲ ಆಯ್ಕೆಯಾಗಿ ಧೈರ್ಯವಾಗಿ ಕೊಡಬಹುದಾದ ಗುಂಪಿನವು. ಸ್ಟ್ರೆಪ್ ಗಂಟಲಿಗೆ ಬೇಕಾದದ್ದು ಈ ಎರಡನೆಯ ಗುಂಪು.

ವಿಚಿತ್ರವೆಂದರೆ ಎಂಟು ದಶಕಗಳಿಂದ ಬಳಕೆಯಲ್ಲಿರುವ ಪೆನಿಸಿಲಿನ್‌ಗೆ ಪೂರ್ತಿ ಪ್ರತಿರೋಧ ಬೆಳೆಸಿಕೊಂಡ ಎ ಗುಂಪಿನ ಸ್ಟ್ರೆಪ್ ಇವತ್ತಿನವರೆಗೆ ರೋಗಿಗಳಲ್ಲಿ ಸಿಕ್ಕಿಲ್ಲ. ಎಷ್ಟೋ ರೋಗಾಣುಗಳು ಎಷ್ಟೋ ಔಷಧಗಳನ್ನು ಅರಗಿಸಿಕೊಂಡು ಕೂತಿರುವಾಗ ಇದು ಇನ್ನೂ 1940ರ ದಶಕದ ಔಷಧಕ್ಕೇ ಸಾಯುತ್ತದೆ. ಅಜಿತ್ರೋಮೈಸಿನ್‌ಗಾದರೋ ಪ್ರತಿರೋಧ ಬೆಳೆಸಿಕೊಂಡ ತಳಿಗಳಿವೆ. ಪೆನಿಸಿಲಿನ್ ಅಲರ್ಜಿ ನಿಜವಾಗಿ ಇದ್ದವರಿಗೆ ಅದನ್ನು ಕೊಡುವುದುಂಟು, ಆಗಲೂ ಐದು ದಿನ. ಹಾಗಿರುವಾಗ ಹಳೆಯದು, ಅಗ್ಗದ್ದು, ಸೋಲದ್ದು ಬಿಟ್ಟು ಹೊಸದು, ದುಬಾರಿ, ಸೋಲಬಲ್ಲದ್ದು ಕೊಡುವುದಕ್ಕೆ ಕಾರಣವೇನು? ಮಾತ್ರೆ ಮೂರೇ ಎಂಬ ಅನುಕೂಲ. ಇನ್ನೊಂದು, ಅದು ‘ಕೆಲಸ ಮಾಡುತ್ತದೆ’ ಎಂಬ ಎಲ್ಲರ ಅನುಭವ.

ಆ ಅನುಭವವನ್ನು ಸ್ವಲ್ಪ ಬಿಡಿಸಿ ನೋಡಬೇಕು. ವೈರಸ್‌ನ ಗಂಟಲು ನೋವು ತಾನಾಗಿ ವಾಸಿಯಾಗುತ್ತದೆ. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, ಮೆಣಸಿನ ಕಷಾಯ ಕುಡಿದು ಮಲಗಿದವರಿಗೂ ವಾಸಿಯಾಗುತ್ತದೆ, ಮಾತ್ರೆ ನುಂಗಿದವರಿಗೂ ವಾಸಿಯಾಗುತ್ತದೆ. ಸ್ಟ್ರೆಪ್ ಗಂಟಲಿನದೂ ಹೆಚ್ಚೂ ಕಡಿಮೆ ಅದೇ ಕಥೆ. ಚಿಕಿತ್ಸೆಯೇ ಇಲ್ಲದಿದ್ದರೂ ಮೂರರಿಂದ ಐದು ದಿನಕ್ಕೆ ಜ್ವರ ಇಳಿದು, ವಾರದೊಳಗೆ ಗಂಟಲು ಸರಿಹೋಗುತ್ತದೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರ ಪ್ರಕಾರ ಆಂಟಿಬಯಾಟಿಕ್‌ನಿಂದ ನೋವಿನ ಅವಧಿ ಸರಾಸರಿ ಹದಿನಾರು ಗಂಟೆ ಕಡಿಮೆಯಾಗುತ್ತದೆ, ಅಷ್ಟೆ. ಅಷ್ಟು ಮಾತ್ರದ ಲಾಭವಾಗಿದ್ದರೆ ಪ್ಯಾರಾಸಿಟಮಾಲ್ ಸಾಕಿತ್ತು, ಈ ಲೇಖನವೂ ಬೇಕಿರಲಿಲ್ಲ. ಪೆನಿಸಿಲಿನ್ ಕೊಡುವುದು ಗಂಟಲಿನ ಸಲುವಾಗಿ ಅಲ್ಲ, ಎದೆಗೂಡಿನೊಳಗಿನ ಅಂಗವೊಂದರ ಸಲುವಾಗಿ. ಮಗುವಿಗೆ ನೋವು ಕಡಿಮೆಯಾದ ಮೂರನೆಯ ದಿನ ಮಾತ್ರೆ ನಿಲ್ಲಿಸುವ ತಾಯಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ. ‘ಕೋರ್ಸ್ ಮುಗಿಸಿ’ ಎಂದು ಹೇಳಿರುತ್ತಾರೆ; ಏಕೆ ಎಂದು ಹೇಳಿರುವುದಿಲ್ಲ.

ಏಕೆ ಎಂಬುದು ಮೊದಲು ಸಾಬೀತಾದದ್ದು ಒಂದು ಸೈನಿಕ ಶಿಬಿರದಲ್ಲಿ. ಅಮೆರಿಕದ ವಯೋಮಿಂಗ್‌ನ ಫ್ರಾನ್ಸಿಸ್ ವಾರೆನ್ ವಾಯುನೆಲೆಗೆ ಹೊಸದಾಗಿ ಸೇರಿದ ಹುಡುಗರು ಸಾಲು ಮಂಚಗಳಲ್ಲಿ ಒತ್ತಾಗಿ ಮಲಗುತ್ತಿದ್ದರು. ಚಳಿಗಾಲ ಬಂತೆಂದರೆ ಗಂಟಲು ನೋವು ಬ್ಯಾರಕ್ಕಿನಿಂದ ಬ್ಯಾರಕ್ಕಿಗೆ ಹಬ್ಬುತ್ತಿತ್ತು, ಎರಡು ಮೂರು ವಾರ ಕಳೆದು ಅವರಲ್ಲಿ ಕೆಲವರಿಗೆ ಕೀಲುಗಳು ಊದಿ ರುಮ್ಯಾಟಿಕ್ ಜ್ವರ ಬರುತ್ತಿತ್ತು. ಚಾರ್ಲ್ಸ್ ರಾಮೆಲ್‌ಕ್ಯಾಂಪ್ ಅವರ ತಂಡ ಅಲ್ಲಿ ಪ್ರಯೋಗಾಲಯ ತೆರೆದು, ಗಂಟಲಲ್ಲಿ ಕೀವು ತುಂಬಿದ್ದ ಹುಡುಗರಲ್ಲಿ ಒಂದು ಪಾಲಿಗೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟಿತು, ಇನ್ನೊಂದು ಪಾಲಿಗೆ ಕೊಡಲಿಲ್ಲ. ಎರಡೂ ಕಡೆ ಸುಮಾರು ಎಂಟುನೂರು ಮಂದಿ. 1950ರಲ್ಲಿ ಪ್ರಕಟವಾದ ಫಲಿತಾಂಶ: ಔಷಧ ಸಿಗದವರಲ್ಲಿ 17 ಮಂದಿಗೆ ರುಮ್ಯಾಟಿಕ್ ಜ್ವರ ಬಂತು, ಸಿಕ್ಕವರಲ್ಲಿ 2 ಮಂದಿಗೆ. ಔಷಧ ಕೈಯಲ್ಲಿದ್ದೂ ಕೊಡದೆ ಕಾದು ನೋಡುವ ಇಂಥ ಪ್ರಯೋಗಕ್ಕೆ ಇವತ್ತು ಯಾವ ನೈತಿಕ ಸಮಿತಿಯೂ ಒಪ್ಪದು. ಆ ಹದಿನೇಳು ಹುಡುಗರು ತೆತ್ತ ಬೆಲೆಯ ಮೇಲೆ ಇಂದಿನ ಚಿಕಿತ್ಸೆ ನಿಂತಿದೆ. 1954ರಲ್ಲಿ ಆ ಪ್ರಯೋಗಾಲಯಕ್ಕೆ ಲಾಸ್ಕರ್ ಪ್ರಶಸ್ತಿ ಸಂದಿತು. ಬಳಿಕ ತಿಳಿದದ್ದು, ನೋವು ಶುರುವಾಗಿ ಒಂಬತ್ತು ದಿನದೊಳಗೆ ಪೆನಿಸಿಲಿನ್ ಶುರುವಾದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಅಂದರೆ ಒಂದೆರಡು ದಿನ ಕಾದು, ಪರೀಕ್ಷೆ ಮಾಡಿಸಿ, ಯೋಚಿಸಿ ಕೊಡುವಷ್ಟು ಸಮಯ ವೈದ್ಯರಿಗಿದೆ. ಅವಸರದ ಮೂರು ಮಾತ್ರೆಗೆ ಆ ನೆಪವೂ ಇಲ್ಲ.

ಅದೇ ಶಿಬಿರದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ನನಗೆ ಅದು ಪೆನಿಸಿಲಿನ್‌ನಷ್ಟೇ ಮುಖ್ಯ ಅನ್ನಿಸುತ್ತದೆ. ಸೋಂಕಿದ್ದವನ ಮಂಚಕ್ಕೆ ಎಷ್ಟು ಹತ್ತಿರ ಮಲಗಿದರೆ ಅಷ್ಟು ಹೆಚ್ಚು ಅಪಾಯ. ರೋಗಾಣು ಮೆತ್ತಿದ್ದ ಕಂಬಳಿಗಳನ್ನು ಬೇರೆ ಹುಡುಗರಿಗೆ ಹೊದಿಯಲು ಕೊಟ್ಟು ನೋಡಿದರೆ ಅದರಿಂದ ಯಾರಿಗೂ ಬರಲಿಲ್ಲ. ಬಟ್ಟೆಬರೆ, ಧೂಳು ಅಲ್ಲ. ಮನುಷ್ಯನ ಉಸಿರು, ಎಂಜಲು, ಅಂತರ. ನಮ್ಮಲ್ಲಿ ಮಗುವಿಗೆ ಗಂಟಲು ನೋವು ಬಂದರೆ ಐಸ್‌ಕ್ರೀಂ ಬೈಗುಳ ತಿನ್ನುತ್ತದೆ, ನೀರು ಬದಲಾಯಿತು ಅನ್ನುತ್ತಾರೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವುದನ್ನು ಯಾರೂ ಕಾರಣವೆಂದು ಎಣಿಸುವುದಿಲ್ಲ, ಅದನ್ನು ಬದಲಿಸುವುದು ಅವರ ಕೈಯಲ್ಲಿಲ್ಲ.

ಗಂಟಲಿಗೂ ಹೃದಯಕ್ಕೂ ಏನು ಸಂಬಂಧ? ಸ್ಟ್ರೆಪ್ ಬ್ಯಾಕ್ಟೀರಿಯಾದ ಮೈಮೇಲಿರುವ ಎಂ ಪ್ರೊಟೀನು ನಮ್ಮ ಹೃದಯ ಸ್ನಾಯುವಿನ ಪ್ರೊಟೀನನ್ನು ಹೋಲುತ್ತದೆ. ಅದರ ಸಕ್ಕರೆ ಅಂಶಕ್ಕೂ ಕವಾಟಗಳ ಅಂಗಾಂಶಕ್ಕೂ ಹೋಲಿಕೆಯಿದೆ. ಬ್ಯಾಕ್ಟೀರಿಯಾ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಕೆಲವರಲ್ಲಿ ಗುರುತು ತಪ್ಪಿ ಸ್ವಂತ ಮೈಯ ಮೇಲೆ ಬೀಳುತ್ತವೆ. ಇದೇ ರುಮ್ಯಾಟಿಕ್ ಜ್ವರ. ಮಂಡಿ, ಹಿಮ್ಮಡಿಯ ಕೀಲು, ಮಣಿಕಟ್ಟು ಒಂದಾದ ಮೇಲೊಂದು ಊದಿ ಇಳಿಯುತ್ತವೆ. ಕೆಲವು ಮಕ್ಕಳಿಗೆ ಕೈಕಾಲು ತಾವಾಗಿ ಕುಣಿಯುತ್ತವೆ, ಅಕ್ಷರ ಕೆಡುತ್ತದೆ. ತುಂಟತನ ಎಂದು ಏಟು ತಿಂದ ಮಕ್ಕಳೂ ಇರಬೇಕು. ಇವೆಲ್ಲ ವಾಸಿಯಾಗುತ್ತವೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿರುವ ಮೈಟ್ರಲ್ ಕವಾಟಕ್ಕೆ ಆದ ಗಾಯ ಮಾತ್ರ ಉಳಿದುಹೋಗುತ್ತದೆ. ಮತ್ತೆ ಮತ್ತೆ ಸ್ಟ್ರೆಪ್ ಬಂದಂತೆ ಕವಾಟದ ಅಂಚುಗಳು ದಪ್ಪಗಾಗಿ, ಒಂದಕ್ಕೊಂದು ಅಂಟಿ, ದಾರಿ ಕಿರಿದಾಗುತ್ತದೆ. ಇದೇ ರುಮ್ಯಾಟಿಕ್ ಹೃದ್ರೋಗ.

ಶ್ರೀಮಂತ ದೇಶಗಳಲ್ಲಿ ಹೀಗಾಗಲು ದಶಕಗಳೇ ಹಿಡಿಯುತ್ತಿದ್ದವು. ನಮ್ಮಲ್ಲಿ ಹದಿಹರೆಯದವರಲ್ಲೇ ಕವಾಟ ಮುಚ್ಚಿಕೊಂಡಿರುತ್ತದೆ ಎಂಬುದನ್ನು ದೆಹಲಿಯ ಏಮ್ಸ್‌ನ ಎಸ್. ಬಿ. ರಾಯ್ ಮತ್ತು ಸಹೋದ್ಯೋಗಿಗಳು 1963ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನಕ್ಕೆ ತಂದರು. ಅರವತ್ತು ವರ್ಷ ದಾಟಿತು. 2015ರಲ್ಲಿ ಜಗತ್ತಿನಲ್ಲಿ ರುಮ್ಯಾಟಿಕ್ ಹೃದ್ರೋಗದಿಂದ ಸತ್ತ ಸುಮಾರು 3 ಲಕ್ಷ 19 ಸಾವಿರ ಜನರಲ್ಲಿ ಸುಮಾರು 1 ಲಕ್ಷ 19 ಸಾವಿರ ಮಂದಿ ಭಾರತದವರು ಎಂಬುದು ಜಾಗತಿಕ ರೋಗಭಾರ ಅಧ್ಯಯನದ ಅಂದಾಜು.

ಈ ಕಾಯಿಲೆ ಎಷ್ಟೋ ಸಲ ಮೊದಲು ಪತ್ತೆಯಾಗುವುದು ಹೆರಿಗೆ ವಾರ್ಡಿನಲ್ಲಿ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ ನಲವತ್ತು ಐವತ್ತರಷ್ಟು ಏರುತ್ತದೆ. ಅಷ್ಟು ರಕ್ತ ಕಿರಿದಾದ ಕವಾಟದಲ್ಲಿ ಸಾಗದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಇಪ್ಪತ್ತೆರಡು ವರ್ಷದ ಹೆಣ್ಣುಮಗಳು ಏಳನೆಯ ತಿಂಗಳಲ್ಲಿ ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕೂರುತ್ತಾಳೆ. ಬಸುರಿಗೆ ಏದುಸಿರು ಸಹಜ ಎಂದು ಅತ್ತೆಯೂ ಹೇಳುತ್ತಾರೆ, ಅಕ್ಕಪಕ್ಕದವರೂ ಹೇಳುತ್ತಾರೆ. ಕೆಮ್ಮಿದಾಗ ರಕ್ತದ ಎಳೆ ಕಂಡ ಮೇಲೆ ಜಿಲ್ಲಾಸ್ಪತ್ರೆ, ಅಲ್ಲಿಂದ ಬೆಂಗಳೂರು. ಚಿಕ್ಕವಳಿದ್ದಾಗ ಗಂಟಲು ನೋವು ಬರುತ್ತಿತ್ತೇ ಎಂದು ವೈದ್ಯರು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಗಂಟಲು ನೋವು ನೆನಪಿಡುವಂಥ ಕಾಯಿಲೆಯೇ?

ಜಪಾನಿನ ಕಾಂಜಿ ಇನೋಯೆ 1980ರ ದಶಕದ ಆರಂಭದಲ್ಲಿ ರೂಪಿಸಿದ ಬಲೂನ್ ವಿಧಾನದಿಂದ ಎದೆ ಕೊಯ್ಯದೆ ಇಂಥ ಕವಾಟ ಅಗಲಿಸಬಹುದು. ತೊಡೆಯ ರಕ್ತನಾಳದಿಂದ ಬಲೂನ್ ಒಯ್ದು, ಅಂಟಿಕೊಂಡ ಜಾಗದಲ್ಲಿ ಉಬ್ಬಿಸುತ್ತಾರೆ. ಏದುಸಿರು ಬಹುಬೇಗ ಇಳಿಯುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ದೇಶದಲ್ಲೇ ಹೆಸರುವಾಸಿ. ಬಡವರಿಗೆ ಅದು ಮಾಡಿರುವ ಉಪಕಾರವನ್ನು ಅಳೆಯಲಾಗದು. ಅಷ್ಟೊಂದು ಬಲೂನ್‌ಗಳು ಬೇಕಾಗುತ್ತಿರುವುದೇಕೆ ಎಂಬ ಪ್ರಶ್ನೆ ಮಾತ್ರ ಆಸ್ಪತ್ರೆಗೆ ಹಾಕುವಂಥದಲ್ಲ, ಹತ್ತು ವರ್ಷ ಹಿಂದೆ ಆ ರೋಗಿ ಓದಿದ ಶಾಲೆಗೆ, ಆಕೆಯ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಕುವಂಥದು. ಕವಾಟ ಪೂರ್ತಿ ಕೆಟ್ಟು ಲೋಹದ ಕವಾಟ ಕೂರಿಸಿದರೆ ಬದುಕಿರುವವರೆಗೂ ರಕ್ತ ತೆಳು ಮಾಡುವ ಮಾತ್ರೆ, ಪದೇ ಪದೇ ರಕ್ತ ಪರೀಕ್ಷೆ, ಮತ್ತೆ ಬಸುರಾದರೆ ತಾಯಿಗೂ ಮಗುವಿಗೂ ಅಪಾಯ.

ಇಷ್ಟು ತಿಳಿದ ಮೇಲೆ ‘ಗಂಟಲು ನೋವಿಗೆ ಆಂಟಿಬಯಾಟಿಕ್ ಬೇಡ’ ಎಂಬ ಘೋಷಣೆಯ ಹುಟ್ಟೂರು ನೋಡಬೇಕು. ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಸ್ಟ್ರೆಪ್ ಇದ್ದರೂ ಬಹುಪಾಲು ಜನರಿಗೆ ಆಂಟಿಬಯಾಟಿಕ್ ಕೊಡುವುದಿಲ್ಲ. ಅವರ ತರ್ಕ ಸರಿಯಾಗಿದೆ. ಅಲ್ಲಿ ರುಮ್ಯಾಟಿಕ್ ಜ್ವರವೇ ಕಾಣದಷ್ಟು ಕಡಿಮೆಯಾಗಿದೆ. ಹದಿನಾರು ಗಂಟೆಯ ಉಪಶಮನಕ್ಕಾಗಿ ಔಷಧ ಸುರಿಯುವುದೇಕೆ ಎಂಬುದು ಅವರ ಪ್ರಶ್ನೆ. ಡೆನ್ಮಾರ್ಕಿನಲ್ಲಿ ಈ ಜ್ವರ ಪೆನಿಸಿಲಿನ್ ಬರುವುದಕ್ಕೂ ಬಹಳ ಮೊದಲೇ ಇಳಿಯತೊಡಗಿತ್ತು. ಮನೆಗಳು ದೊಡ್ಡದಾದವು, ಒಂದು ಹಾಸಿಗೆಯಲ್ಲಿ ನಾಲ್ವರು ಮಲಗುವುದು ತಪ್ಪಿತು. ಆ ಮನೆಗಳನ್ನು ತರದೆ ಆ ಘೋಷಣೆಯನ್ನು ಮಾತ್ರ ಇಲ್ಲಿಗೆ ತಂದರೆ ಹೇಗೆ? ಅಂದ ಹಾಗೆ ಅಲ್ಲೂ ಇದು ಮುಗಿದ ಅಧ್ಯಾಯವಲ್ಲ. 2022ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಎ ಗುಂಪಿನ ಸ್ಟ್ರೆಪ್ ಉಲ್ಬಣಿಸಿ ಮಕ್ಕಳು ಸತ್ತಾಗ, ಅನುಮಾನವಿದ್ದರೂ ಪೆನಿಸಿಲಿನ್ ಕೊಡಿ ಎಂದು ವೈದ್ಯರಿಗೆ ಸೂಚನೆ ಹೋಯಿತು, ಔಷಧದಂಗಡಿಗಳಲ್ಲಿ ಸಿರಪ್ ಸಾಲದೆ ಹೋಯಿತು.

ಎದುರು ವಾದವನ್ನೂ ಹಗುರವಾಗಿ ತಳ್ಳುವಂತಿಲ್ಲ. ರುಮ್ಯಾಟಿಕ್ ಜ್ವರ ಬಂದ ಮಕ್ಕಳಲ್ಲಿ ದೊಡ್ಡ ಪಾಲಿಗೆ ಅದಕ್ಕೆ ಮುಂಚೆ ಗಂಟಲು ನೋವು ಬಂದದ್ದೇ ಗೊತ್ತಿರುವುದಿಲ್ಲ, ಬಂದರೂ ವೈದ್ಯರ ಬಳಿಗೆ ಹೋಗಿರುವುದಿಲ್ಲ. ಹಾಗಿರುವಾಗ ಗಂಟಲಿನ ಬೆನ್ನು ಹತ್ತಿ ಹಣ ಸುರಿಯುವುದಕ್ಕಿಂತ, ಒಮ್ಮೆ ಜ್ವರ ಬಂದವರಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು ಕವಾಟ ಇನ್ನಷ್ಟು ಕೆಡದಂತೆ ಕಾಯುವುದು ಮೇಲು ಎಂದು ಅನೇಕ ತಜ್ಞರು ಹೇಳುತ್ತಾರೆ. ಅದಕ್ಕೆ ಆಧಾರವೂ ಗಟ್ಟಿಯಾಗಿದೆ. ಉಗಾಂಡದಲ್ಲಿ ಎಕೋ ಪರೀಕ್ಷೆಯಿಂದ ಮಾತ್ರ ಪತ್ತೆಯಾಗುವ ಆರಂಭಿಕ ಹಂತದ ರುಮ್ಯಾಟಿಕ್ ಹೃದ್ರೋಗವಿದ್ದ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷದಲ್ಲಿ ರೋಗ ಮುಂದುವರಿದದ್ದು ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ ಒಂದಕ್ಕೂ ಕಡಿಮೆ, ಪಡೆಯದವರಲ್ಲಿ ನೂರಕ್ಕೆ ಎಂಟು. ಆದರೆ ಒಂದು ಮಾಡಿದರೆ ಇನ್ನೊಂದು ಬಿಡಬೇಕು ಎಂದೇನಿಲ್ಲ. ಕೋಸ್ಟರಿಕಾ, ಕ್ಯೂಬಾಗಳು ಎರಡನ್ನೂ ಕೂಡಿಸಿದವು, ಶ್ರೀಮಂತವಾಗುವ ತನಕ ಕಾಯದೆ ರುಮ್ಯಾಟಿಕ್ ಜ್ವರ ಇಳಿಸಿದವು. ಕೋಸ್ಟರಿಕಾದಲ್ಲಿ 1970ರ ದಶಕದಿಂದ ಕಲ್ಚರ್‌ಗೆ ಕಾಯದೆ, ಸ್ಟ್ರೆಪ್ ಎಂದು ಕಣ್ಣಿಗೆ ತೋರಿದ ಗಂಟಲಿಗೆ ಒಂದೇ ಪೆನಿಸಿಲಿನ್ ಇಂಜೆಕ್ಷನ್ ಕೊಡುವ ಪದ್ಧತಿ ತಂದರು.

ನಾನು ಆ ಕಡೆಯೇ ವಾಲುವವನು. ಕೆಮ್ಮು, ನೆಗಡಿ ಇದ್ದರೆ ಯಾವ ವಯಸ್ಸಿನವರಿಗೂ ಆಂಟಿಬಯಾಟಿಕ್ ಬೇಡ. ಇಕ್ಕಟ್ಟಿನಲ್ಲಿ ಬದುಕುವ ಐದರಿಂದ ಹದಿನೈದರ ಮಕ್ಕಳಿಗೆ ಜ್ವರದ ಜೊತೆ ಗಂಟಲು ನೋವಿದ್ದು, ಕೆಮ್ಮು ನೆಗಡಿ ಇಲ್ಲದೆ, ಟಾನ್ಸಿಲ್ ಮೇಲೆ ಕೀವೋ ಕತ್ತಿನಲ್ಲಿ ಗಂಟೋ ಕಂಡರೆ, ಪರೀಕ್ಷೆ ಸಿಗದಿದ್ದರೂ ಅಮಾಕ್ಸಿಸಿಲಿನ್ ಹತ್ತು ದಿನ, ಇಲ್ಲವೇ ಒಂದು ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್. ಇದರಿಂದ ಬೇಡದ ಕೆಲವರಿಗೂ ಔಷಧ ಹೋಗುತ್ತದೆ. ಹೋಗಲಿ. ಪೆನಿಸಿಲಿನ್ ಹೆಚ್ಚು ಬಳಸಿದ್ದಕ್ಕೆ ನಾವು ತೆರುವ ಬೆಲೆ, ಅಜಿತ್ರೋಮೈಸಿನ್, ಸೆಫಿಕ್ಸಿಮ್‌ಗಳನ್ನು ಹಂಚಿದ್ದಕ್ಕೆ ತೆರುತ್ತಿರುವ ಬೆಲೆಗಿಂತ ಬಹಳ ಕಡಿಮೆ.

ಪೆನಿಸಿಲಿನ್ ಸಿಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾವು ಅದನ್ನು ದೇಶದ ಮಾನದ ವಿಷಯವೆಂದು ತಿಳಿದಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ, ಯೂನಿಸೆಫ್‌ಗಳ ನೆರವಿನಿಂದ 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಹುಟ್ಟಿತು. 1981ರಲ್ಲಿ ಅದರ ಜೊತೆಗೂಡಿ ಕರ್ನಾಟಕ ಸರ್ಕಾರ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಸ್ಥಾಪಿಸಿತು. ಆಮೇಲೆ ಚೀನಾದಿಂದ ಅಗ್ಗದ ಕಚ್ಚಾ ಪೆನಿಸಿಲಿನ್ ಬರತೊಡಗಿ ನಮ್ಮ ಹುದುಗುವಿಕೆ ಘಟಕಗಳು ಒಂದೊಂದಾಗಿ ಬಾಗಿಲು ಹಾಕಿದವು. 2020ರಲ್ಲಿ ಕೇಂದ್ರ ಸರ್ಕಾರ ಉತ್ತೇಜನ ಯೋಜನೆ ಪ್ರಕಟಿಸಿದ ಮೇಲೆ ಕಾಕಿನಾಡದಲ್ಲಿ ದೊಡ್ಡ ಘಟಕವೊಂದು 2024ರಲ್ಲಿ ಕೆಲಸ ಶುರುಮಾಡಿತು. ಅಷ್ಟಾದರೂ, ಲಾಭ ಕಡಿಮೆಯಿರುವ ಬೆಂಜಥೀನ್ ಪೆನಿಸಿಲಿನ್ ಅನ್ನು ಡಾಕ್ಟರರ ಮುಂದೆ ಹೊಗಳಲು ಯಾವ ಮೆಡಿಕಲ್ ರೆಪ್ ಬರುತ್ತಾನೆ?

ಸಿಕ್ಕರೂ ಕೊಡಲು ಕೈ ಬರುವುದಿಲ್ಲ. ಈ ಇಂಜೆಕ್ಷನ್ ಸ್ವಲ್ಪ ಒರಟು ಸ್ವಭಾವದ್ದು. ಸೀಸೆಯ ಬಿಳಿ ಪುಡಿಗೆ ನೀರು ಸೇರಿಸಿ ಅಲ್ಲಾಡಿಸಿದರೆ ದಪ್ಪ ಹಾಲಿನಂತಾಗುತ್ತದೆ. ಸಣ್ಣ ಸೂಜಿಯಲ್ಲಿ ಇಳಿಯದು, ಅರ್ಧದಲ್ಲಿ ನಿಲ್ಲಿಸಿದರೆ ಸೂಜಿ ಕಟ್ಟಿಕೊಳ್ಳುತ್ತದೆ, ಒಂದೇ ಸಮನೆ ಒತ್ತಬೇಕು. ಮಾಂಸಖಂಡಕ್ಕೇ ಕೊಡಬೇಕು, ರಕ್ತನಾಳಕ್ಕೆ ಹೋಗಲೇಕೂಡದು. ಎರಡು ದಿನ ಕೂರಲು ಕಷ್ಟ. ಇದಕ್ಕೆಲ್ಲ ಮಿಗಿಲಾಗಿ ‘ಪೆನಿಸಿಲಿನ್ ರಿಯಾಕ್ಷನ್’ ಎಂಬ ಭಯ. ಒಂದು ಸಾವಾದರೆ ಆಸ್ಪತ್ರೆಗೆ ಕಲ್ಲು ಬೀಳುತ್ತದೆ. ಕವಾಟ ಕೆಟ್ಟು ಹತ್ತು ವರ್ಷಕ್ಕೆ ಸತ್ತರೆ ಯಾರೂ ಕೇಳುವುದಿಲ್ಲ. ಹಲವು ದೇಶಗಳಲ್ಲಿ 32 ಸಾವಿರಕ್ಕೂ ಹೆಚ್ಚು ಇಂಜೆಕ್ಷನ್‌ಗಳನ್ನು ಗಮನಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಅಲರ್ಜಿ ಆಘಾತವಾದದ್ದು ನಾಲ್ಕು ಸಲ, ಸಾವು ಒಂದು. ಕವಾಟ ಬಹಳ ಕೆಟ್ಟಿರುವ ರೋಗಿಗಳು ಇಂಜೆಕ್ಷನ್ ಆದ ಕೂಡಲೇ ಕುಸಿಯುವುದಕ್ಕೆ ಅನೇಕ ಸಲ ಕಾರಣ ಅಲರ್ಜಿಯಲ್ಲ, ನೋವು ಹೆದರಿಕೆಗಳಿಂದ ದಣಿದ ಹೃದಯ ಕೈಕೊಡುವುದು ಎಂದು ಈಗ ತಜ್ಞರು ಭಾವಿಸುತ್ತಾರೆ. ಅಂಥವರಿಗೆ ಮಾತ್ರೆಯ ಪೆನಿಸಿಲಿನ್ ಕೊಡಿ ಎಂದು 2022ರಲ್ಲಿ ಅಮೆರಿಕದ ಹೃದ್ರೋಗ ಸಂಘ ಸಲಹೆ ಮಾಡಿದೆ. ಗಂಟಲು ನೋವಿನ ಮಗುವಿನ ಮಾತು ಬೇರೆ, ಅದರ ಹೃದಯ ಗಟ್ಟಿಯಾಗಿಯೇ ಇರುತ್ತದೆ. ‘ನಮ್ಮ ಮಗುವಿಗೆ ಪೆನಿಸಿಲಿನ್ ಆಗಿಬರುವುದಿಲ್ಲ’ ಎಂಬ ಹಣೆಪಟ್ಟಿಯಲ್ಲೂ ಬಹಳ ಸುಳ್ಳಿದೆ. ಸ್ಟ್ರೆಪ್‌ನಂತೆಯೇ ಟಾನ್ಸಿಲ್ ಊದಿಸುವ ಒಂದು ವೈರಸ್ ಜ್ವರದಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳುತ್ತದೆ. ಅದು ಅಲರ್ಜಿಯಲ್ಲ, ಆದರೂ ಚೀಟಿಯ ಮೇಲೆ ಜನ್ಮಕ್ಕಂಟುವಂತೆ ಬರೆದಿಡುತ್ತಾರೆ.

ಎಲ್ಲಿಂದ ಶುರುಮಾಡುವುದು? ವಾರೆನ್ ಶಿಬಿರದ ಸಾಲು ಮಂಚಗಳನ್ನು ಓದುವಾಗ ನನಗೆ ಹೊಳೆದದ್ದು ನಮ್ಮ ಹಾಸ್ಟೆಲ್‌ಗಳು. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳು, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು. ವಯಸ್ಸು ಅದೇ, ಇಕ್ಕಟ್ಟು ಅದೇ, ಮನೆಯ ಹಿನ್ನೆಲೆಯೂ ಈ ಕಾಯಿಲೆ ಆರಿಸಿಕೊಳ್ಳುವಂಥದೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ, ತಂಡಗಳು ಶಾಲೆಗೆ ಬಂದು ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಡುತ್ತವೆ. ಆದರೆ ವರ್ಷಕ್ಕೊಮ್ಮೆ ಬರುವ ತಂಡಕ್ಕೆ ಸಿಗುವುದು ಆಗಲೇ ಕೆಟ್ಟ ಕವಾಟ. ಗಂಟಲು ನೋವು ತಂಡದ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಅದನ್ನು ಹಿಡಿಯಬಲ್ಲವರು ಅಲ್ಲೇ ಇರುವ ವಾರ್ಡನ್, ಅಡುಗೆಯವರು, ಶುಶ್ರೂಷಕಿ. ಊಟ ಬಿಟ್ಟ ಹುಡುಗ ಯಾರೆಂದು ಮೊದಲು ಗೊತ್ತಾಗುವುದು ಬಡಿಸುವವರಿಗೆ.

ಅವರಿಗೆ ರೋಗ ಕಂಡುಹಿಡಿಯುವ ಹೊಣೆ ಬೇಡ, ಒಂದೇ ನಿಯಮ ಸಾಕು. ಜ್ವರವಿದ್ದು, ನುಂಗಲು ನೋವಿದ್ದು, ಕೆಮ್ಮು ನೆಗಡಿ ಇಲ್ಲದ ಮಗುವನ್ನು ಅದೇ ದಿನ ಅಥವಾ ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ವೈದ್ಯರು ಟಾರ್ಚ್ ಹಿಡಿದು ಗಂಟಲು ನೋಡಬೇಕು, ಅಲರ್ಜಿ ಕೇಳಬೇಕು, ತೂಕ ಹಾಕಬೇಕು. 27 ಕಿಲೋಗಿಂತ ಕಡಿಮೆಯಿದ್ದರೆ 6 ಲಕ್ಷ ಯೂನಿಟ್, ಹೆಚ್ಚಿದ್ದರೆ 12 ಲಕ್ಷ, ಒಂದೇ ಇಂಜೆಕ್ಷನ್. ಹಾಸ್ಟೆಲ್ ಮಗುವಿಗೆ ನನ್ನ ಆಯ್ಕೆ ಇಂಜೆಕ್ಷನ್ನೇ. ನೋವು ನಿಂತ ಮೇಲೂ ಹತ್ತು ದಿನ ಮಾತ್ರೆ ನುಂಗಿಸಲು ಅಲ್ಲಿ ಅಮ್ಮ ಇರುವುದಿಲ್ಲ. ಒಂದು ದಿನ ಕಳೆದರೆ ಆ ಮಗುವಿನಿಂದ ಬೇರೆಯವರಿಗೆ ಸೋಂಕು ಹರಡುವುದೂ ಬಹುಪಾಲು ನಿಲ್ಲುತ್ತದೆ. ಅಷ್ಟು ಹೊತ್ತು ಅದರ ಹಾಸಿಗೆ ದೂರ ಹಾಕಿ, ಲೋಟ ತಟ್ಟೆ ಬೇರೆ ಇಟ್ಟರಾಯಿತು. ಎರಡು ಮೂರು ವಾರದಲ್ಲಿ ಕೀಲು ಊತವೋ ಏದುಸಿರೋ ಕಂಡರೆ ಮತ್ತೆ ಕಳಿಸಬೇಕು. ಮುಖ ಊದಿ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೂ ಕಳಿಸಬೇಕು, ಸ್ಟ್ರೆಪ್‌ನ ಇನ್ನೊಂದು ಪರಿಣಾಮವಾದ ಮೂತ್ರಪಿಂಡದ ಉರಿಯೂತವನ್ನು ಪೆನಿಸಿಲಿನ್ ಖಚಿತವಾಗಿ ತಡೆಯುವುದಿಲ್ಲ.

ವಾರ್ಡನ್ ತುಂಬುವ ರಿಜಿಸ್ಟರುಗಳ ಜೊತೆಗೆ ಇನ್ನೊಂದು ಬೇಡ. ಹೊಸ ಯೋಜನೆಯ ಹೆಸರು, ಲಾಂಛನ, ಉದ್ಘಾಟನೆಯೂ ಬೇಡ. ಬೇಕಾದದ್ದು ಬೆಂಜಥೀನ್ ಪೆನಿಸಿಲಿನ್ ಸೀಸೆಗಳು, ಪಕ್ಕದ ಟ್ರೇಯಲ್ಲಿ ಅಲರ್ಜಿ ಆಘಾತಕ್ಕೆ ಅಡ್ರಿನಾಲಿನ್, ಅದನ್ನು ಯಾವಾಗ ಎಷ್ಟು ಕೊಡಬೇಕೆಂದು ಬಲ್ಲ ನರ್ಸ್. ಇವಿಷ್ಟೂ ಇರುವ ಕೇಂದ್ರದಲ್ಲಿ ಪೆನಿಸಿಲಿನ್ ಕೊಡಲು ಹಿಂಜರಿಯುವುದಕ್ಕೆ ವೈದ್ಯಕೀಯ ಕಾರಣ ಉಳಿಯುವುದಿಲ್ಲ. ಶಾಲೆ ತೆರೆಯುವ ಮೊದಲೇ ಜಿಲ್ಲಾ ಔಷಧ ಉಗ್ರಾಣಕ್ಕೆ ಇಂಡೆಂಟ್ ಹೋದರೆ ಮಳೆ ಹಿಡಿದು ಹಾಸ್ಟೆಲ್ ಕಿಟಕಿಗಳು ಮುಚ್ಚುವ ಹೊತ್ತಿಗೆ ಸೀಸೆಗಳು ಕೇಂದ್ರದಲ್ಲಿರುತ್ತವೆ.